ಅಕ್ಕನ ಬೆರಳಿಗೆ ಒಗ್ಗದ ಬಟನ್

ನನ್ನ ಕಸುಬು ಬಟನ್ ಮಾಡುವುದು. ಅಂಗಿಯದಲ್ಲ, ಮೊಬೈಲ್ ಪರದೆಯ ಮೇಲೆ ನೀವು ಒತ್ತುತ್ತೀರಲ್ಲ, ಅದು. ಶಿಕಾರಿಪುರದಲ್ಲಿ ಮನೆಯ ಮಹಡಿ ಮೇಲೆ ಕೂತು ಯಾವುದೋ ಊರಿನ ಕಂಪನಿಗೆ ಬಟನ್, ಪಟ್ಟಿ, ಪೆಟ್ಟಿಗೆಗಳನ್ನು ಮಾಡಿ ಕೊಡುತ್ತೇನೆ. ಮಾಡಿದ್ದು ಕೆಟ್ಟರೆ ಯಾಕೆ ಕೆಟ್ಟಿತೆಂದು ಹುಡುಕುತ್ತೇನೆ. ನಿಜ ಹೇಳಬೇಕೆಂದರೆ ಮಾಡುವುದು ಕಡಿಮೆ, ಹುಡುಕುವುದೇ ಹೆಚ್ಚು. ನಮ್ಮ ಕಸುಬಿನವರ ಮಾತಿನಲ್ಲಿ ಈ ಒಂದೊಂದು ತುಂಡಿಗೂ ಕಾಂಪೊನೆಂಟ್ ಎಂದು ಹೆಸರು, ಅವನ್ನೆಲ್ಲ ಕೂಡಿಸುವ ಚೌಕಟ್ಟು ಫ್ರೇಮ್‌ವರ್ಕ್. ಒಮ್ಮೆ ಅಕ್ಕನಿಗೆ ಇದನ್ನು ವಿವರಿಸಿದ್ದೆ. "ಅಂದ್ರೆ ನಮ್ಮಂಗಡಿ ಡಬ್ಬದ ಸೆಟ್ ಇದ್ದಂಗೆ ಅನ್ನು. ದೊಡ್ಡದ್ರೊಳಗೆ ಸಣ್ಣದು, ಅದ್ರೊಳಗೆ ಇನ್ನೂ ಸಣ್ಣದು. ಅದಕ್ಕೆ ಇಷ್ಟ್ ಓದಬೇಕಾಗಿತ್ತನೋ?" ಎಂದಳು.

ಅಕ್ಕನನ್ನು ಸೊರಬಕ್ಕೆ ಕೊಟ್ಟಿದ್ದು. ಭಾವನದು ಪಾತ್ರೆ ಅಂಗಡಿ. ಹೆಸರಿಗೆ ಭಾವನದು, ವ್ಯಾಪಾರ ಅಕ್ಕನದು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಅಕ್ಕನಿಗೆ ಎರಡೂ ಚೆನ್ನಾಗಿ ಬರುತ್ತಿದ್ದವು. ಆನವಟ್ಟಿಯಿಂದ ಬಸ್ಸಿಳಿದು ಮಗಳ ಮದುವೆಗೆ ಪಾತ್ರೆ ನೋಡಲು ಬಂದ ಹೆಂಗಸರು ಅವಳ ಹತ್ತಿರ ಬೈಸಿಕೊಂಡು, ನಕ್ಕು, ಬೇಕಿಲ್ಲದ ಕೊಳಗವನ್ನೂ ಕೊಂಡು ಹೋಗುತ್ತಿದ್ದರು. ನಾನು ಹೋದರೆ ಹೊಸಿಲು ದಾಟುವ ಮೊದಲೇ ಒಳಗಿಂದ ಬೈಗುಳ ಬರುತ್ತಿತ್ತು. ನನ್ನ ತಲೆಕೂದಲಿಗೆ, ಹೊಟ್ಟೆಗೆ, ಬೈಕಿನ ಸದ್ದಿಗೆ.

ಮೊದಲು ಅಕ್ಕನ ನಾಲಿಗೆ ತೊದಲಿತು. ಹಲ್ಲು ನೋವಿರಬೇಕು ಅಂದುಕೊಂಡರು. ಆಮೇಲೆ ನೀರು ಕುಡಿಯುವಾಗ ನೆತ್ತಿಗೆ ಹತ್ತತೊಡಗಿತು. ಶಿವಮೊಗ್ಗದ ಡಾಕ್ಟರು ಸ್ಕ್ಯಾನು, ರಕ್ತ ಎಲ್ಲ ನೋಡಿ, ಭಾವನನ್ನೂ ನನ್ನನ್ನೂ ಹೊರಗೆ ಕರೆದು ಹೇಳಿದರು: ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸೊರಗುವ ಕಾಯಿಲೆ. ಬುದ್ಧಿಗೆ ಏನೂ ಆಗುವುದಿಲ್ಲ, ಎಲ್ಲ ತಿಳಿಯುತ್ತಿರುತ್ತದೆ. ಮೊದಲು ಮಾತು, ನಂತರ ಕೈ, ನಂತರ ಉಳಿದದ್ದು. ಮದ್ದಿಲ್ಲ. ಭಾವ ಕಾರಿಡಾರಿನ ಬೆಂಚಿನ ಮೇಲೆ ಕೂತುಬಿಟ್ಟರು. ನಾನು ಮಾತ್ರ ಆಗಲೇ ಲೆಕ್ಕ ಹಾಕುತ್ತಿದ್ದೆ. ಮಾತು ಹೋದರೆ ಹೋಗಲಿ, ಕೈ ಇದೆಯಲ್ಲ, ಕೈ ಇದ್ದರೆ ಬಟನ್ ಒತ್ತಬಹುದು, ಬಟನ್ ಮಾಡುವವನು ನಾನಿದ್ದೇನಲ್ಲ ಎಂದು. ಅಕ್ಕ ಮಾತಾಡುತ್ತಲೇ ಇರಬೇಕು, ಅಷ್ಟೇ ನನಗೆ ಬೇಕಾಗಿದ್ದುದು.

ಒಂದು ಟ್ಯಾಬ್ಲೆಟ್ ತಂದೆ. ಅದರ ತುಂಬ ಚೌಕಗಳು, ಒಂದೊಂದು ಚೌಕದಲ್ಲಿ ಒಂದು ಮಾತು. ಒತ್ತಿದರೆ ಆ ಮಾತು ಕೇಳಿಸಬೇಕು. ಅಕ್ಷರಗಳನ್ನೇ ಇಡೋಣವೆಂದು ಮೊದಲು ನೋಡಿದ್ದೆ. ಆದರೆ ನಮ್ಮ ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಹುಡುಕಿ ಒತ್ತಿ ಒಂದು ಪದ ಮುಗಿಸುವಷ್ಟರಲ್ಲಿ ಅವಳ ಕೈ ಸೋಲುತ್ತಿತ್ತು. ಇನ್ನು ದನಿ. ಸಿದ್ಧವಾಗಿ ಸಿಗುವ ಕನ್ನಡ ದನಿ ವಾರ್ತೆ ಓದುವವರ ಹಾಗಿತ್ತು. ಅದನ್ನು ಕೇಳಿ ಅಕ್ಕ ಮುಖ ಕಿವುಚಿದಳು. ಆಗ ನೆನಪಾಯಿತು, ಅಕ್ಕ ಎಂದೂ ಮೆಸೇಜು ಬರೆದವಳಲ್ಲ, ಮೊಬೈಲಿಗೆ ಬಾಯಿ ಹಚ್ಚಿ ದನಿ ಕಳಿಸುವವಳು. ಎಷ್ಟೋ ವರ್ಷದ ಅವಳ ದನಿ ನನ್ನ ಫೋನಿನಲ್ಲೇ ಇತ್ತು.

ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು ಎಲ್ಲವನ್ನೂ ಕೇಳಿದೆ. ಬೇಕಾದ ಮಾತುಗಳನ್ನು ಕತ್ತರಿಸಿ ತೆಗೆಯುತ್ತ ಹೋದೆ. "ಬ್ಯಾಡ" ಧಾರಾಳವಾಗಿ ಸಿಕ್ಕಿತು. "ಉಂಡ್ಯೇನೋ", "ಕತ್ತೆ", "ಬಾರೋ", "ಸುಮ್ನಿರು" ಎಲ್ಲ ರಾಶಿ ರಾಶಿ. "ನೀರು" ಅನ್ನುವುದನ್ನು ನನ್ನ ಹೂಕುಂಡದ ಬಗ್ಗೆ ವಿಚಾರಿಸಿದ ಒಂದು ಸಂದೇಶದಿಂದ ತೆಗೆದೆ. "ನೋವು" ಅಮ್ಮನ ಮಂಡಿಯ ವಿಷಯ ಮಾತಾಡಿದ್ದರಲ್ಲಿತ್ತು. ಆದರೆ "ನಂಗೆ ಬೇಕು" ಅನ್ನುವುದು ಎಲ್ಲಿಯೂ ಇರಲಿಲ್ಲ. ತನಗೆಂದು ಅವಳು ಯಾವತ್ತೂ ಏನನ್ನೂ ಕೇಳಿಯೇ ಇರಲಿಲ್ಲ. ಹಪ್ಪಳ ಕಳಿಸುವಾಗ "ನಿಂಗೆ ಬೇಕನೋ" ಎಂದಿದ್ದರ ಬಾಲ ಕತ್ತರಿಸಿ "ಬೇಕು" ಮಾಡಲು ಹೋದರೆ ಅದು ಅರ್ಧಕ್ಕೇ ನಿಂತು, ಬಾಗಿಲ ಸಂದಿಗೆ ಬೆರಳು ಸಿಕ್ಕವರ ಹಾಗೆ ಕೇಳುತ್ತಿತ್ತು. ಅದನ್ನು ಹಾಗೆಯೇ ಇಟ್ಟೆ. ಆ ದಿನ ನಾನು ಅತ್ತೆ.

ಶಿಕಾರಿಪುರದಲ್ಲಿ ನನ್ನ ಬೆರಳಿಗೆ ಎಲ್ಲ ಬಟನ್ನೂ ಕೇಳಿತು. ಶಿರಾಳಕೊಪ್ಪದ ಮೇಲೆ ಬೈಕು ಓಡಿಸಿಕೊಂಡು ಸೊರಬಕ್ಕೆ ಹೋಗಿ ಅಕ್ಕನ ಮುಂದಿಟ್ಟರೆ ಒಂದೂ ಕೇಳಲಿಲ್ಲ. ಅವಳು ಒತ್ತುತ್ತಾಳೆ, ಚೌಕ ಸುಮ್ಮನಿರುತ್ತದೆ. ಮತ್ತೆ ಒತ್ತುತ್ತಾಳೆ, ಪರದೆ ಮೇಲಕ್ಕೆ ಜಾರುತ್ತದೆ. ಭಾವ ಹಿಂದೆ ನಿಂತು ನೋಡುತ್ತಿದ್ದರು.

"ಎಂತ ಮಾರಾಯ, ಚಾರ್ಜ್ ಇಲ್ಲನಾ?" ಎಂದರು.

ಚಾರ್ಜ್ ಇತ್ತು. ಇರದೆ ಹೋದದ್ದು ಅವಳ ಬೆರಳಿಗೆ ಏಳುವ ಬಲ. ನಾವು ಒತ್ತುವಾಗ ಬೆರಳು ಇಳಿದ ಕಡೆಯೇ ಏಳುತ್ತದೆ. ಅವಳದು ಇಳಿದ ಮೇಲೆ ಎಳೆದುಕೊಂಡು ಹೋಗುತ್ತಿತ್ತು. ಯಂತ್ರಕ್ಕೆ ಅದು ಒತ್ತಿದ್ದಾಗಿ ಕಾಣುವುದಿಲ್ಲ, ಪರದೆ ಸರಿಸುತ್ತಿದ್ದಾರೆ ಎಂದುಕೊಳ್ಳುತ್ತದೆ. ಕಾರಣ ಸಿಕ್ಕಿತಲ್ಲ ಎಂದು ನನಗೆ ಖುಷಿಯಾಯಿತು, ಅದನ್ನು ಹೇಳಲು ಈಗ ನಾಚಿಕೆ. ಅಲ್ಲೇ ಅವಳ ಮಂಚದ ಪಕ್ಕ ಲ್ಯಾಪ್‌ಟಾಪ್ ಬಿಚ್ಚಿ, ಸರಿಯುವುದನ್ನು ನಿಲ್ಲಿಸಿ, ಬೆರಳು ತಾಗಿದ ಕೂಡಲೇ ಮಾತು ಹೊರಡುವಂತೆ ಮಾಡಿದೆ. ಆಗ ಅಂಗೈ ತಾಗಿದರೂ ಹೊರಟಿತು. "ನೀರು ಕತ್ತೆ ಬಾರೋ ನೋವು" ಎಂದು ಟ್ಯಾಬ್ಲೆಟ್ ಸಂತೆಯ ಹಾಗೆ ಕೂಗಿತು. ಭಾವ ನಕ್ಕರು. ಅಕ್ಕನೂ ನಗಲು ನೋಡಿದಳು, ಕೆಮ್ಮು ಬಂತು.

ಹೀಗೆ ಪ್ರತಿ ಭಾನುವಾರ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವ ಹಾಗೆ, ನಾನು ಒಂದನ್ನು ಸರಿಮಾಡಿಕೊಂಡು ಬರುವಷ್ಟರಲ್ಲಿ ಅವಳ ಕೈ ಬೇರೆ ಕಡೆ ಹೋಗಿರುತ್ತಿತ್ತು. ಬೆರಳು ಎಳೆಯುವುದಕ್ಕೆ ಪರಿಹಾರ ತಂದರೆ ಬೆರಳು ನಡುಗುತ್ತಿತ್ತು. ನಡುಕಕ್ಕೆ ತಂದರೆ ಬೆರಳು ಮಡಚಿಕೊಂಡಿರುತ್ತಿತ್ತು. ಕಂಪನಿಯ ಕೆಲಸದಲ್ಲಿ ಬಗ್ ಎನ್ನುವ ದೋಷ ನಿಂತ ಕಡೆ ನಿಂತಿರುತ್ತದೆ, ಇವತ್ತಲ್ಲ ನಾಳೆ ಹಿಡಿಯಬಹುದು. ಇಲ್ಲಿ ಕೆಟ್ಟಿದ್ದು ನನ್ನ ಕಾಂಪೊನೆಂಟ್ ಅಲ್ಲ ಎಂಬುದು ನನಗೆ ಗೊತ್ತಿತ್ತು. ಆದರೆ ನನ್ನ ಕೈಯಲ್ಲಿ ಸರಿಮಾಡಲು ಸಾಧ್ಯವಿದ್ದುದು ಅದೊಂದೇ.

ಒಂದು ಭಾನುವಾರ ಹೊಸ ತೊಂದರೆ ಕಂಡಿತು. "ಬ್ಯಾಡ" ಎಂಬ ಚೌಕ ಒಂದೇ ಸಮನೆ ಕೂಗುತ್ತಿತ್ತು. ಭಾವ ಗಂಜಿ ತಿನ್ನಿಸಲು ಬಂದಾಗ "ಬ್ಯಾಡ ಬ್ಯಾಡ ಬ್ಯಾಡ." ನನಗೆ ಈ ರೋಗ ಪರಿಚಿತ. ಒಂದೇ ಒತ್ತನ್ನು ಯಂತ್ರ ಟಚ್ ಎಂದೊಮ್ಮೆ, ಕ್ಲಿಕ್ ಎಂದೊಮ್ಮೆ ಎಣಿಸುವುದುಂಟು. ಚೌಕವನ್ನು ಯಂತ್ರ ಮತ್ತೆ ಮತ್ತೆ ಹೊಸದಾಗಿ ಬರೆಯುತ್ತಿದ್ದರೂ ಹೀಗಾಗುವುದುಂಟು. ಹುಡುಕುವ ತಾಳ್ಮೆ ಇರಲಿಲ್ಲ. ಒಮ್ಮೆ ಕೂಗಿದ ಮೇಲೆ ಸ್ವಲ್ಪ ಹೊತ್ತು ಆ ಚೌಕ ಕಿವುಡಾಗಿರುವಂತೆ ಒಂದು ತಡೆ ಹಾಕಿದೆ. ಈಗ ಭಾವ ಚಮಚ ತಂದರೆ "ಬ್ಯಾಡ" ಎಂದು ಒಮ್ಮೆ ಮಾತ್ರ, ಮರ್ಯಾದೆಯಿಂದ.

ಅಕ್ಕ ನನ್ನ ಕಡೆ ನೋಡಿದಳು. ಅಂಗಡಿಯಲ್ಲಿ ಯಾರಾದರೂ ಪಾತ್ರೆ ಬೀಳಿಸಿದರೆ ನೋಡುತ್ತಿದ್ದಳಲ್ಲ, ಆ ನೋಟ. ಮಡಚಿದ ಬೆರಳನ್ನು ಆ ಚೌಕದ ಮೇಲೆ ಕುಟ್ಟಿದಳು. ಅದು ಸುಮ್ಮನಿತ್ತು. ಮತ್ತೆ ಕುಟ್ಟಿದಳು. ಆಗ ನನ್ನ ತಲೆಗೆ ಹೋಯಿತು. ಅವಳು ಜನ್ಮದಲ್ಲಿ ಒಂದು "ಬ್ಯಾಡ" ಹೇಳಿ ನಿಲ್ಲಿಸಿದವಳಲ್ಲ. ಕೆಟ್ಟಿರಲಿಲ್ಲ ಅದು, ಜಗಳವಾಡುತ್ತಿತ್ತು. ತಡೆ ತೆಗೆದೆ. "ಬ್ಯಾಡ ಬ್ಯಾಡ ಬ್ಯಾಡ" ಎಂದಳು, ನನಗೆ.

ಅದೇ ಕೊನೆಯ ಒಳ್ಳೆಯ ಭಾನುವಾರ ಎಂದು ಕಾಣುತ್ತದೆ. ಆಮೇಲೆ ಬೆರಳು ಗುರಿ ಹಿಡಿಯಲಾರದೆ ಹೋಯಿತು. ಚೌಕಗಳನ್ನು ದೊಡ್ಡದು ಮಾಡಬೇಕು. ಪರದೆ ಇರುವುದು ಇಷ್ಟೇ, ಚೌಕ ದೊಡ್ಡದಾದರೆ ಕೆಲವು ಮಾತು ಹೊರಗೆ ಹೋಗಬೇಕು. ಯಾವುದನ್ನು ತೆಗೆಯಲಿ ಎಂದು ಒಂದೊಂದಾಗಿ ಓದಿ ಅವಳನ್ನೇ ಕೇಳಿದೆ, ಬೇಡದ್ದಕ್ಕೆ ಕೈ ಕುಟ್ಟಿದಳು. ಅವಳು "ಮಾತ್ರೆ" ತೆಗೆಸಿದಳು. "ನೋವು" ತೆಗೆಸಿದಳು.

"ನೋವು ಅನ್ನೋದನ್ನ ತೆಗಿತಾರನೇ? ನಂಗೆ ಹೆಂಗೆ ಗೊತ್ತಾಗ್ಬೇಕು?" ಎಂದು ಭಾವ ಗಂಟಲು ಏರಿಸಿದರು. ಅಷ್ಟು ವರ್ಷದಲ್ಲಿ ಅವರು ಅವಳಿಗೆ ಗದರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಕ್ಕ ಒಪ್ಪಲಿಲ್ಲ. "ಉಂಡ್ಯೇನೋ" ಉಳಿಯಿತು, "ಕತ್ತೆ" ಉಳಿಯಿತು.

ಮುಂದಿನ ಸಲ ಅವೂ ಹೋದವು. ಕೈಯೇ ಹೋದ ಮೇಲೆ ಯಾವ ಚೌಕ ಇದ್ದರೇನು. ನಾನು ಬಿಡಲಿಲ್ಲ. ಕೈ ಇಲ್ಲದಿದ್ದರೆ ರೆಪ್ಪೆ. ಚೌಕಗಳ ಮೇಲೆ ಒಂದು ಬೆಳಕು ಒಂದಾದ ಮೇಲೊಂದರಂತೆ ಸಾಗುತ್ತದೆ. ಬೇಕಾದ ಚೌಕಕ್ಕೆ ಬಂದಾಗ ಅವಳು ಕಣ್ಣು ಮಿಟುಕಿಸಿದರೆ ಸಾಕು, ಕ್ಯಾಮೆರಾ ನೋಡಿ ತಿಳಿದುಕೊಳ್ಳುತ್ತದೆ. ಮಾಡಲು ತಿಂಗಳುಗಟ್ಟಲೆ ಹಿಡಿಯಿತು. ಕಂಪನಿಯ ಮೀಟಿಂಗಿನಲ್ಲಿ ಯಾವುದೋ ಬಟನ್ನಿನ ನೆರಳು ಗಾಢವಾಯಿತೇ ತೆಳುವಾಯಿತೇ ಎಂದು ಚರ್ಚೆ ನಡೆಯುವಾಗ ನಾನು ಮೈಕು ಮುಚ್ಚಿ, ನನ್ನ ರೆಪ್ಪೆ ಮಿಟುಕಿಸುತ್ತ ಕೂರುತ್ತಿದ್ದೆ. ಸೊರಬದ ಆ ಕೋಣೆಯ ಬೆಳಕಿಗೆ ಕ್ಯಾಮೆರಾ ತಬ್ಬಿಬ್ಬಾಗುತ್ತಿತ್ತು. ಸುಮ್ಮನೆ ಮಿಟುಕಿಸಿದ್ದನ್ನು ಮಾತೆಂದು ತಿಳಿಯುತ್ತಿತ್ತು, ಬೇಕೆಂದು ಮಿಟುಕಿಸಿದ್ದನ್ನು ಬಿಡುತ್ತಿತ್ತು. ಅಕ್ಕನಿಗೆ ಹೇಳುತ್ತಿದ್ದೆ: "ಇನ್ನೊಂದ್ಸಲ ಅಕ್ಕ. ಸ್ವಲ್ಪ ಗಟ್ಟಿಯಾಗಿ ಮುಚ್ಚು. ಈಗ ಬ್ಯಾಡ, ಈಗ, ಈಗ." ಅವಳು ಹೇಳಿದ ಹಾಗೆ ಮಾಡುತ್ತಿದ್ದಳು. ನನ್ನ ಅಕ್ಕ, ಯಾರು ಹೇಳಿದ್ದನ್ನೂ ಕೇಳದವಳು.

ಕೊನೆಗೂ ಅದು ಹದಕ್ಕೆ ಬಂತು. ಒಂದು ಭಾನುವಾರವಿಡೀ ಒಂದು ತಪ್ಪೂ ಇಲ್ಲದೆ ಕೆಲಸ ಮಾಡಿತು. ಅವಳು ಆರಿಸಿದ ಪ್ರತಿ ಮಾತೂ ನನಗೆ ಶಿಕಾರಿಪುರದಲ್ಲಿ ಕಾಣುವಂತೆ ಒಂದು ಲಾಗ್, ಅಂದರೆ ದಿನಚರಿ ಪಟ್ಟಿ, ಇಟ್ಟು, ಗೆದ್ದವನಂತೆ ಬೈಕು ಹತ್ತಿದೆ. ಸೋಮವಾರ ನೋಡಿದರೆ ಲಾಗ್ ಖಾಲಿ. ಮಂಗಳವಾರವೂ ಖಾಲಿ. ಇಡೀ ವಾರ ಒಂದು ಮಾತಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ನಾನು ಸೊರಬದ ನೆಟ್‌ವರ್ಕನ್ನು ಬೈದೆ, ಕರೆಂಟನ್ನು ಬೈದೆ. ಲಾಗಿನ ಕೋಡನ್ನೇ ಎರಡು ಬಾರಿ ಬಿಚ್ಚಿ ಕಟ್ಟಿದೆ. ದೋಷ ಸಿಗಲಿಲ್ಲ. ಮುಂದಿನ ಭಾನುವಾರ ನಾನು ಅಲ್ಲಿದ್ದಾಗ ಮತ್ತೆ ಎಲ್ಲ ಸರಿಯಾಗಿ ಬಂತು. ಹೊರಟು ಬಂದ ಮೇಲೆ ಮತ್ತೆ ಖಾಲಿ.

ಮೊನ್ನೆ ಹೇಳದೆ ಕೇಳದೆ ಬುಧವಾರ ಹೋದೆ. ಅಕ್ಕ ದಿಂಬಿಗೆ ಒರಗಿದ್ದಳು. ಭಾವ ಪಕ್ಕದಲ್ಲಿ ಕೂತು ಏನೋ ಹೇಳುತ್ತಿದ್ದರು. ಟ್ಯಾಬ್ಲೆಟ್ ಎಲ್ಲಿಯೂ ಕಾಣಲಿಲ್ಲ. ಕೇಳಿದ್ದಕ್ಕೆ ಭಾವ ಎದ್ದು ಹೋಗಿ ಬೀರುವಿನಿಂದ ತಂದರು, ಬಟ್ಟೆ ಸುತ್ತಿಟ್ಟಿದ್ದರು. ಮುಖ ಎತ್ತದೆ ಹೇಳಿದರು:

"ಬೇಜಾರು ಮಾಡ್ಕಬ್ಯಾಡ. ನೀ ಬರೋ ದಿನ ತೆಗೆದಿಡ್ತೀವಿ. ಅದನ್ನ ನೋಡಿ ನೋಡಿ ಅವಳಿಗೆ ಕಣ್ಣು ಉರಿ ಬರ್ತದೆ. ನಾವು ಸುಮ್ನೆ ಹಿಂಗೆ ಮಾಡ್ಕಂಡಿದೀವಿ. ನಾ ಕೇಳದು, ಅವಳು ಮೇಲೆ ನೋಡಿದ್ರೆ ಹೌದು ಅಂತ."

"ಯಾವಾಗಿಂದ ಭಾವ?"

"ಕೈ ಹೋದಾಗಿಂದ್ಲೂ."

ನನ್ನ ತಿಂಗಳುಗಳ ಶ್ರಮವೆಲ್ಲ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡದ್ದು ಎಂದು ಆಗ ಅನ್ನಿಸಲಿಲ್ಲ. ಅದೆಲ್ಲ ಆಮೇಲೆ. ಆ ಕ್ಷಣ ಅನ್ನಿಸಿದ್ದು, ಇಷ್ಟು ಭಾನುವಾರ ಅವಳು ಉರಿಯುವ ಕಣ್ಣಿನಲ್ಲಿ ನನ್ನ ಕ್ಯಾಮೆರಾಕ್ಕೆ ರೆಪ್ಪೆ ಬಡಿದದ್ದು ನನ್ನನ್ನು ಸಮಾಧಾನ ಮಾಡುವುದಕ್ಕೆ ಎಂಬುದು. ಭಾವ ಟೀ ಇಡುತ್ತೇನೆಂದು ಒಳಗೆ ಹೋದರು. ನಾನು ಅವರು ಕೂತಿದ್ದ ಜಾಗದಲ್ಲಿ ಕೂತೆ.

"ಇದನ್ನ ತಗೊಂಡು ಹೋಗ್ಲಾ ಅಕ್ಕ?"

ಕಣ್ಣು ಮೇಲಕ್ಕೆ ಹೋಯಿತು.

"ನನ್ ಮೇಲೆ ಸಿಟ್ಟಾ?"

ಕಣ್ಣು ನನ್ನ ಮೇಲೆಯೇ ನಿಂತಿತ್ತು, ಏಳಲಿಲ್ಲ.

"ನೋವಿದೆಯಾ?"

ಮೇಲಕ್ಕೆ ಹೋಯಿತು. ತಡವೇ ಇಲ್ಲ. ಕೇಳುವುದಷ್ಟೇ ಬಾಕಿ, ಉತ್ತರ ಬಂದುಬಿಡುತ್ತಿತ್ತು. ಅಕ್ಕ ಮಾತಾಡಬೇಕೆಂದು ನಾನು ಬಯಸಿದ್ದು ಇಷ್ಟನ್ನೇ, ಯಾವ ಅಡ್ಡಿಯೂ ಇಲ್ಲದೆ.

ಇನ್ನೊಂದು ಪ್ರಶ್ನೆ ಬಾಯಿಯವರೆಗೆ ಬಂದಿತ್ತು. ಇನ್ನೂ ಬದುಕಬೇಕು ಅನ್ನಿಸುತ್ತಾ ಅಕ್ಕ ಎಂದು. ಅವಳಿಗೆ ಅದು ಗೊತ್ತಾಯಿತು, ಕಾಯುತ್ತಿದ್ದಳು. ಆ ಮುಖವನ್ನು ನಾನು ಹುಟ್ಟಿದಾಗಿನಿಂದ ನೋಡಿದವನು. ಕೇಳಿದ್ದರೆ ಅವಳು ಸುಳ್ಳು ಹೇಳುತ್ತಿರಲಿಲ್ಲ.

"ಶಿರಾಳಕೊಪ್ಪದ ಹತ್ರ ರೋಡು ಮತ್ತೆ ಅಗೆದು ಹಾಕಿದಾರೆ ನೋಡು ಅಕ್ಕ" ಎಂದೆ.