ಒಂದು ಗಂಟೆಯ ಬೆಂಗಳೂರು

ಬೆಳಗ್ಗೆ ಒಂಬತ್ತಕ್ಕೆ ಸುಳ್ಯದ ಮನೆಯಿಂದ ಬೆಂಗಳೂರಿಗೆ ಹೊರಟವನು ಹತ್ತಿರ ಹತ್ತಿರ ಆರು ಗಂಟೆ ಹೊತ್ತು ಕಳೆದ ಬಳಿಕ ಎಲ್ಲಿರಬೇಕು? ನಾನು ನನ್ನ ಮನೆಯ ಮೇಲೇ ಇದ್ದೆ. ಮೇಲೆ ಎಂದರೆ ಹೆಂಚಿನ ಮಾಡಿನ ಮೇಲಲ್ಲ ಮಾರಾಯ್ರೆ, ಆಕಾಶದಲ್ಲಿ.

ಆದದ್ದಿಷ್ಟು. ಕಳೆದ ವಾರ ಬೆಂಗಳೂರಿನಲ್ಲಿ ಅಕ್ಕನ ಮಗಳ ಮದುವೆ. ಸಂಜೆ ಐದೂವರೆಗೆ ಗೋಧೂಳಿ ಮುಹೂರ್ತ. ನಾನು ಸೋದರಮಾವ. ಧಾರೆಗೆ ನಮ್ಮ ತೋಟದ ಸಿಂಗಾರವೇ (ಅಡಿಕೆಯ ಹೂಗೊಂಚಲು) ಆಗಬೇಕೆಂದು ಅಕ್ಕನ ಹಟ. ಅದನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸುವುದು ನನ್ನ ಮಾನದ ಪ್ರಶ್ನೆ.

ಮೊಬೈಲ್ ನೋಡಿದೆ. ಮಂಗಳೂರಿನಿಂದ ಬೆಂಗಳೂರಿಗೆ ವಿಮಾನ ಹಾರುವ ದೂರ ಸುಮಾರು ಮುನ್ನೂರು ಕಿಲೋಮೀಟರ್, ಸಮಯ ಒಂದು ಗಂಟೆ. ಒಂದೇ ಗಂಟೆ! ಮಧ್ಯಾಹ್ನ ಎರಡೂವರೆಯ ಫ್ಲೈಟ್ ಬುಕ್ ಮಾಡಿದೆ.

"ನಾನು ಬೆಳಗ್ಗೆ ಏಳರ ಬಸ್ಸಲ್ಲಿ ಹೋಗುದು," ಎಂದಳು ಹೆಂಡತಿ.

"ಎಂಟು ಗಂಟೆ ಕೂತ್ರೆ ಸೊಂಟ ಉಳೀತದಾ?" ಎಂದು ನಕ್ಕೆ.

ಅವಳ ಬಸ್ಸು ಸಂಪಾಜೆಯ ಕಡೆ ಹೋಯಿತು, ಅಂದರೆ ಬೆಂಗಳೂರಿನ ಕಡೆಗೇ. ನಾನು ಸಿಂಗಾರ ಹಿಡಿದು, ಬೆಂಗಳೂರಿಗೆ ಬೆನ್ನು ಹಾಕಿ, ಮಂಗಳೂರಿನ ವಿಮಾನ ನಿಲ್ದಾಣಕ್ಕೆಂದು ಪುತ್ತೂರಿನ ಕಡೆ ಕಾರು ಬಿಟ್ಟೆ.

ದಾರಿಯಲ್ಲಿ ಕೆದಂಬಾಡಿ. ಅಲ್ಲಿ ಅಪ್ಪನ ತಂಗಿ, ನನ್ನ ಅತ್ತೆಯ ಮನೆ. ಕಾಲುನೋವಿನಿಂದ ಮದುವೆಗೆ ಬರಲಾಗದ ಅವರು ಮದುಮಗಳಿಗೆಂದು ಒಂದು ಸೀರೆ ತೆಗೆದಿಟ್ಟಿದ್ದರು. ಅಂಗಳದಲ್ಲೇ ಸೀರೆ ಪಡೆದು, ವಿಮಾನದಲ್ಲಿ ಒಂದೇ ಗಂಟೆಯ ದಾರಿ ಎಂದು ಸ್ವಲ್ಪ ಜಂಬ ಕೊಚ್ಚಿ ಹೊರಡುವ ಅಂದಾಜು. ನಮ್ಮ ಕಡೆ ಅದು ಸಾಧ್ಯವೇ?

"ಬಾಯಾರಿಕೆಗೆ ಎಂತ ಬೇಕು?" ಎಂದರು. ಬೆಲ್ಲ, ನೀರು ಬಂತು. ಹಿಂದೆಯೇ ನೀರುದೋಸೆ.

"ಅತ್ತೆ, ವಿಮಾನ ಉಂಟು."

"ಒಂದು ಗಂಟೆ ಅಂತ ನೀನೇ ಹೇಳಿದ್ದಲ್ವಾ? ಮತ್ತೆಂತ ಅರ್ಜೆಂಟ್? ಊಟ ಮಾಡಿಯೇ ಹೋಗುದು."

ಹನ್ನೊಂದೂವರೆಗೇ ಊಟ ಬಡಿಸಿದರು. (ಹಲಸಿನ ಬೀಜದ ಸಾಂಬಾರು. ಸುಳ್ಳು ಯಾಕೆ, ಎರಡು ಸಲ ಹಾಕಿಸಿಕೊಂಡೆ.)

ವಿಮಾನ ನಿಲ್ದಾಣದಲ್ಲಿ ಎದ್ದುಬಿದ್ದು ಓಡಿದೆ. ತಪಾಸಣೆಯವರು ಸಿಂಗಾರವನ್ನು ಮುಚ್ಚಿದ್ದ ಅಡಿಕೆ ಹಾಳೆ ಬಿಡಿಸಿ, ಒಮ್ಮೆ ಮೂಸಿ, ನಗುತ್ತಾ ಬಿಟ್ಟರು. ವಿಮಾನ ಸಮಯಕ್ಕೆ ಸರಿಯಾಗಿ ಹಾರಿತು. ಸ್ವಲ್ಪ ಹೊತ್ತಿಗೆ ಕೆಳಗೆ ಗುಡ್ಡ, ತೋಟ. ನಮ್ಮ ಸುಳ್ಯವೇ ಎಂದು ನನ್ನ ವಾದ. ಒಂದೇ ಗಂಟೆಯಲ್ಲಿ ಬೆಂಗಳೂರಿನಲ್ಲಿ ಇಳಿಸಿಯೂ ಬಿಟ್ಟಿತು. ಮೊಬೈಲ್ ಸುಳ್ಳು ಹೇಳಿರಲಿಲ್ಲ.

ಆದರೆ ಅಕ್ಕ ಮದುವೆಯನ್ನು ರನ್‌ವೇಯಲ್ಲಿ ಇಟ್ಟಿರಲಿಲ್ಲವಲ್ಲ! ಕಲ್ಯಾಣ ಮಂಟಪ ಊರಿನ ಇನ್ನೊಂದು ತುದಿಯಲ್ಲಿ. ಟ್ಯಾಕ್ಸಿ ಸಿಗ್ನಲಿನಿಂದ ಸಿಗ್ನಲಿಗೆ ತೆವಳಿತು. ಐದೂವರೆ ಆಗುವಾಗ ನಾನು ಸಿಂಗಾರವನ್ನು ಮಡಿಲಲ್ಲಿಟ್ಟುಕೊಂಡು ಯಾವುದೋ ಫ್ಲೈಓವರಿನ ಮೇಲೆ ಕೂತಿದ್ದೆ. ಎತ್ತಿ ಆಡಿಸಿದ ಹುಡುಗಿಯ ಧಾರೆ ನೋಡಲು ಸಿಗಲಿಲ್ಲ. ತಮಾಷೆಯಲ್ಲ, ಕಣ್ಣು ತುಂಬಿತು.

ಮುಟ್ಟುವಾಗ ಏಳು ಗಂಟೆ. ನೋಡಿದರೆ ಮದುಮಗಳ ಮುಡಿಯಲ್ಲಿ ಸಿಂಗಾರ. ಅದೂ ನಮ್ಮ ತೋಟದ್ದೇ! ಹೆಂಡತಿ ನನಗೆ ಹೇಳದೆ ಇನ್ನೊಂದು ಕೊಯ್ಯಿಸಿ ಬಸ್ಸಿನಲ್ಲಿ ತಂದಿದ್ದಳು. ಮೂರು ಗಂಟೆಗೇ ಬಂದು ಒಂದು ನಿದ್ದೆಯನ್ನೂ ಮುಗಿಸಿದ್ದಳಂತೆ.

ಅಕ್ಕ ನನ್ನನ್ನು ನೋಡಿದಳು. ಕೈಯಲ್ಲಿದ್ದ ಬಾಡಿದ ಸಿಂಗಾರವನ್ನು ನೋಡಿದಳು. ಬೈಯಲಿಲ್ಲ. ಬಡಿಸುವವರ ಕಡೆ ತಿರುಗಿ ಕೂಗಿ ಹೇಳಿದಳು:

"ಬಸ್ಸಿನವರದ್ದು ಊಟ ಆಯ್ತು. ವಿಮಾನದವನಿಗೆ ಒಂದು ಎಲೆ ಹಾಕಿ!"