ಅಣ್ಣನ ರಕ್ತದ ತಿಳಿಯಲ್ಲಿ ನನ್ನ ಕಣಗಳು

ಅಣ್ಣನಿಗೆ ರಕ್ತದ ಕ್ಯಾನ್ಸರ್ ಎಂಬ ಸುದ್ದಿ ನನ್ನನ್ನು ಮುಟ್ಟಿದ್ದು ತಿಂಗಳ ಮೇಲೆ, ಅದೂ ಅಕ್ಕನ ಫೋನಿನಿಂದ. ಅಸ್ಥಿಮಜ್ಜೆ ಕೊಡಲು ಒಡಹುಟ್ಟಿದವರು ಎಷ್ಟು ಜನ ಎಂದು ಹುಬ್ಬಳ್ಳಿಯ ಡಾಕ್ಟರು ಕೇಳಿದಾಗ ಅವ್ವ "ಇವಂಗ ತಂಗಿ ಒಬ್ಬಾಕಿರಿ" ಅಂದಿದ್ದಳಂತೆ. ಮಜ್ಜೆ ಹೊಂದುತ್ತದೆಯೇ ಎಂದು ನೋಡುವ ಟೈಪಿಂಗ್ ಪರೀಕ್ಷೆಯಲ್ಲಿ ಅಕ್ಕನದು ಹೊಂದಲಿಲ್ಲ. ನನ್ನ ಹೆಸರನ್ನು ಯಾರೂ ಎತ್ತಿರಲಿಲ್ಲ.

ನಾಲ್ಕನೇ ವಯಸ್ಸಿಗೆ ನನ್ನನ್ನು ಮುಗದ ಊರಿನ ಸೋದರಮಾವನಿಗೆ ದತ್ತು ಕೊಟ್ಟಿದ್ದರು. ಅಡ್ಡಹೆಸರೂ ಬದಲಾಗಿತ್ತು. ಅಷ್ಟಕ್ಕೇ ಲೆಕ್ಕದಿಂದ ತೆಗೆದರೇ? ಧಾರವಾಡದ ಸಾಲಿಯಲ್ಲಿ ವಿಜ್ಞಾನ ಕಲಿಸುವವನು ನಾನು, ಒಡಹುಟ್ಟಿದವರ ಮಜ್ಜೆಯೇ ಹೊಂದುವ ಸಂಭವ ಹೆಚ್ಚೆಂದು ಗೊತ್ತಿತ್ತು. ಮೈಯೆಲ್ಲ ಉರಿಯಿತು. ಮರುದಿನ ಹುಬ್ಬಳ್ಳಿಯ ಬೆಂಗೇರಿಯಲ್ಲಿನ ಅವ್ವನ ಮನೆಗೆ ಹೋಗಿ, ಚಪ್ಪಲಿ ಬಿಡುವ ಮೊದಲೇ ಕೇಳಿದೆ: "ಅವ್ವಾ, ನಾ ಏನ್ ಸತ್ತೇನೇನು?"

"ಹಂಗ ಅನಬ್ಯಾಡೋ," ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿನ್ನ ಅವರ ಉಡ್ಯಾಗ ಹಾಕಿ ಕೊಟ್ಟೇವಿ. ಕೊಟ್ಟ ಕೂಸಿನ ಹತ್ರ ತಿರುಗಿ ರಕ್ತ ಬೇಡೂದು ಹ್ಯಾಂಗ?"

ನನ್ನ ಸಿಟ್ಟು ಎಲ್ಲಿ ಹೋಯಿತೋ. ನಾಚಿಕೆಯಾಯಿತು.

ನನ್ನ ಟೈಪಿಂಗ್ ಅಣ್ಣನದಕ್ಕೆ ಪೂರ್ತಿ ಹೊಂದಿತು. ಆದರೂ ಒಂದು ಹೆದರಿಕೆ ಉಳಿದಿತ್ತು. ಅಣ್ಣನಿಗೆ ಎಷ್ಟೋ ಜನರ ರಕ್ತ ಏರಿಸಿದ್ದರು. ಅದರಿಂದ ಹುಟ್ಟಿದ ಪ್ರತಿಕಾಯಗಳು ನನ್ನ ಕಣಗಳನ್ನು ಕೊಲ್ಲಬಹುದು. ಅದಕ್ಕೆ ಇನ್ನೊಂದು ಪರೀಕ್ಷೆ: ಅಣ್ಣನ ರಕ್ತದ ಸೀರಂನಲ್ಲಿ, ಆ ತಿಳಿನೀರಿನಲ್ಲಿ, ನನ್ನ ಬಿಳಿಕಣಗಳನ್ನು ಬಿಟ್ಟು ನೋಡುವುದು. ನನ್ನ ಪ್ರಶ್ನೆಗಳಿಗೆ ಬೇಸತ್ತ ಲ್ಯಾಬಿನ ಹೆಣ್ಣುಮಗಳು ಎದ್ದು ಸೂಕ್ಷ್ಮದರ್ಶಕದ ಮುಂದಿನ ಜಾಗ ಬಿಟ್ಟಳು. "ಬರ್ರಿ ಸರ್, ನೀವ ನೋಡ್ರಿ."

ಹೋಲಿಸಿ ನೋಡಲೆಂದೇ ಸಾಯಿಸಿದ ಕಣಗಳು ತಟ್ಟೆಯ ಒಂದು ಗುಳಿಯಲ್ಲಿ ಬಣ್ಣ ಕುಡಿದು, ಉಬ್ಬಿ ಕಪ್ಪಾಗಿದ್ದವು. ಪಕ್ಕದ ಗುಳಿಯಲ್ಲಿ ಅಣ್ಣನ ರಕ್ತದ ತಿಳಿ, ಅದರೊಳಗೆ ನನ್ನ ಬಿಳಿಕಣಗಳು. ಎಲ್ಲವೂ ಫಳಫಳ ಹೊಳೆಯುತ್ತಿದ್ದವು. ಒಂದೂ ಸತ್ತಿರಲಿಲ್ಲ. ಇಷ್ಟು ವರ್ಷ ಬೋರ್ಡಿನ ಮೇಲೆ ಕಣಗಳನ್ನು ಸುಣ್ಣದ ಕಡ್ಡಿಯಿಂದ ದುಂಡಗೆ ಬರೆದು ಕಲಿಸಿದ್ದೆ. ನನ್ನದೇ ಜೀವ ಹೀಗೆ ಹೊಳೆಯುತ್ತದೆಂದು ಗೊತ್ತಿರಲಿಲ್ಲ. ದತ್ತಿನ ಸುದ್ದಿ ಅವುಗಳಿಗೆ ಮುಟ್ಟಿಯೇ ಇರಲಿಲ್ಲ.

ಜೊತೆಗೆ ಬಂದಿದ್ದ ಅವ್ವ ತಾನೂ ನೋಡುತ್ತೇನೆಂದಳು. ಒಂದು ಕಣ್ಣು ಮುಚ್ಚಿ ಬಗ್ಗಿದಳು.

"ಯಾರವು ಇವು?"

"ನನ್ನವು. ಸುತ್ತ ಇರೂದು ಅಣ್ಣಂದು."

"ಜಗಳಾ ಮಾಡಾಕತ್ತಿಲ್ಲಲ್ಲ?"

"ಇಲ್ಲವ್ವ."

ಆಕೆ ಅದರಿಂದ ಕಣ್ಣು ತೆಗೆಯಲೇ ಇಲ್ಲ. ಲ್ಯಾಬಿನವಳು ಫಾರ್ಮ್ ತುಂಬುತ್ತ ನನ್ನನ್ನು ಕೇಳಿದಳು: "ಅಡ್ಡಹೆಸರು ಬ್ಯಾರೆ ಐತಲ್ರಿ, ಪೇಷಂಟಿಗೆ ನೀವು ಏನಾಗಬೇಕ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ, ಬಗ್ಗಿದಲ್ಲಿಂದಲೇ ಅವ್ವ ಹೇಳಿದಳು: "ತಮ್ಮ ಅಂತ ಬರ್ಕೊಳ್ರಿ. ನನಗ ಮೂರು ಮಕ್ಕಳು."