ಅತ್ತೆ ಮುಚ್ಚಿಟ್ಟ ನಾಡಿ

ಮದುವೆಯಾಗಿ ಹಿಂದೂಪುರಕ್ಕೆ ಬಂದ ಮೊದಲ ವರ್ಷವೇ ನನಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಹುಣಸೆ ವ್ಯಾಪಾರದ ಮನೆ; ಹಣ್ಣಿನಿಂದ ಬೀಜ ಬಿಡಿಸುವ ಕೆಲಸ ಮುಗಿಯುತ್ತಲೇ ಇರಲಿಲ್ಲ. ನಡುವೆ ಎದೆ ಹಿಡಿದುಕೊಂಡು ಕೂತರೆ ಅತ್ತೆ, "ಕಲ್ಯಾಣದುರ್ಗದ ಮಹಾರಾಣಿ ಸುಸ್ತಾಗ್ಬುಟ್ಳು" ಎಂದು ಕೂಲಿ ಹೆಂಗಸರ ಮುಂದೆ ನಗುತ್ತಿದ್ದರು.

ಒಂದು ದಿನ ಅತ್ತೆಯ ಮಂಡಿನೋವಿಗೆ ಮಾತ್ರೆ ತರಲು ಇಬ್ಬರೂ ಮೆಡಿಕಲ್ ಶಾಪಿಗೆ ಹೋದೆವು. ಅಂಗಡಿಯವರು ಆಗಷ್ಟೇ ಬಿಪಿ ಮಿಷನ್ ತಂದಿದ್ದರು. ಬಂದವರನ್ನೆಲ್ಲ ಸ್ಟೂಲಿನ ಮೇಲೆ ಕೂರಿಸಿ ನೋಡುತ್ತಿದ್ದರು. ತೋಳಿಗೆ ಸುತ್ತುವ ಆ ಪಟ್ಟಿ ಕಂಡರೆ ಅತ್ತೆಗೆ ಭಯ.

"ಮೊದ್ಲು ಇವ್ಳಿಗೆ ಹಾಕಪ್ಪ. ಇವ್ಳಿಗೇನೂ ಆಗ್ದಿದ್ರೆ ಆಮ್ಯಾಕೆ ನಂಗೆ ಹಾಕೀಯಂತೆ."

ಅಂಗಡಿಯವರು ಕಿವಿಗೆ ಕೊಳವೆ ಸಿಕ್ಕಿಸಿ ಆಲಿಸಿದರು. ನನ್ನ ಮಣಿಕಟ್ಟು ಹಿಡಿದು ಬಹಳ ಹೊತ್ತು ನಾಡಿ ಎಣಿಸಿದರು. ಆಮೇಲೆ ಅತ್ತೆಯ ಕೈ ಹಿಡಿದರು. ಅಲ್ಲೂ ಅಷ್ಟೇ ಹೊತ್ತು.

"ಇಬ್ರದ್ದೂ ಎದೇಲಿ ಗುಂಡೆ ಬಡ್ತ ಒಂದೇ ಸಮ ಇಲ್ಲ ಕಣಮ್ಮ. ಒಂದ್ಸಲ ಓಡ್ತೈತೆ, ಒಂದ್ಸಲ ನಿಂತಂಗಾಯ್ತೈತೆ. ಇಂಥದ್ದು ಬೇಗ ಸಿಕ್ಕಿದ್ದೇ ಒಳ್ಳೇದು. ದೊಡ್ಡ ಡಾಕ್ಟ್ರ ತಾವ ಹೋಗಿ ಇಸಿಜಿ ತೆಗೆಸ್ಕಳ್ರಿ."

"ನಂಗೇನು ರೋಗ? ನಿನ್ ಮಿಷನ್ನೇ ಕೆಟ್ಟೈತೆ" ಎಂದು ಅತ್ತೆ ಎದ್ದರು.

ಮನೆಗೆ ಬಂದ ಮೇಲೆ ನನ್ನ ಗಂಡನಿಗೆ ಬೇರೆಯೇ ಹೇಳಿದರು. "ಗುಂಡೆ ರೋಗದೋಳ್ನ ನಿಂಗೆ ಕಟ್ಬುಟ್ಟವ್ರೆ ಕಣ್ಲಾ. ಇವ್ಳು ಹೆರಾಕಾಗಲ್ಲ, ಗೇಯಾಕಾಗಲ್ಲ."

"ಅತ್ತೆ, ನಿಮ್ಗೂ ಹಂಗೇ ಐತೆ ಅಂದ್ರಲ್ಲ" ಎಂದೆ.

ಕೆನ್ನೆಗೆ ಬಿತ್ತು. ಗಂಡ ನೋಡುತ್ತಾ ನಿಂತಿದ್ದ. ಆ ವಾರವೇ ನನ್ನನ್ನು ಟ್ರಂಕಿನ ಸಮೇತ ಕಲ್ಯಾಣದುರ್ಗದ ತವರಿಗೆ ತಂದು ಬಿಟ್ಟು, ನೀರೂ ಕುಡಿಯದೆ ಹೊರಟುಹೋದ. ವರ್ಷ ತುಂಬುವ ಮುಂಚೆಯೇ ಇನ್ನೊಂದು ಮದುವೆಯಾದ.

ಅಪ್ಪ ನನ್ನನ್ನು ಅನಂತಪುರಕ್ಕೆ ಕರೆದೊಯ್ದರು. ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಹೃದಯದ ಕವಾಟವನ್ನು ಕೆಡಿಸಿತ್ತು. ಬೇಗ ಬಂದಿದ್ದಕ್ಕೆ ಬದುಕಿದೆ ಎಂದರು ಡಾಕ್ಟರು. ಮಾತ್ರೆ ನುಂಗುತ್ತಾ, ಹೊಲಿಗೆ ಕಲಿತು, ನನ್ನ ಅನ್ನ ನಾನೇ ದುಡಿದುಕೊಂಡೆ.

ಎಷ್ಟೋ ವರ್ಷಗಳ ಮೇಲೆ ಗಂಡ ಬಾಗಿಲಿಗೆ ಬಂದ.

"ಅಮ್ಮಂಗೆ ಲಕ್ವ ಹೊಡ್ದುಬುಟ್ಟೈತೆ. ಬಲಗಡೆ ಆಡಲ್ಲ, ಮಾತೂ ಬರಲ್ಲ. ಮನ್ಯಾಗಿರೋಳು ಮುಟ್ಟಲ್ಲ ಅಂತಾಳೆ. ನೀನಾದ್ರೂ ಬಾ."

"ಡಾಕ್ಟ್ರು ಏನಂದ್ರು?"

"ಗುಂಡೆ ಬಡ್ತ ಮೊದ್ಲಿಂದಾನೂ ಸರಿ ಇರ್ಲಿಲ್ವಂತೆ. ರಕ್ತ ಹೆಪ್ಪುಗಟ್ಟಿ ತಲೆಗೋಯ್ತಂತೆ. ಮುಂಚೇನೇ ತಿಳಿದಿದ್ರೆ ಮಾತ್ರೆ ಕೊಡ್ಬೋದಿತ್ತಂತೆ. ನಮ್ಗೇನು ಗೊತ್ತು?"

"ನಾನೇಳ್ದೆ. ನಿನ್ ಮುಂದೇನೇ ಹೊಡಿಸ್ಕಂಡೆ."

ಅವನು ಚಪ್ಪಲಿ ಮೆಟ್ಟಿಕೊಂಡು ಹೋದ.

ಮರುವಾರ ನಾನಾಗಿಯೇ ಹಿಂದೂಪುರದ ಬಸ್ಸು ಹತ್ತಿದೆ. ಅತ್ತೆಯನ್ನು ಹಿಂದಿನ ಕೋಣೆಯಲ್ಲಿ, ಹುಣಸೆ ಮೂಟೆಗಳ ಪಕ್ಕ ಮಲಗಿಸಿದ್ದರು. ಸೀರೆ ನೆನೆದಿತ್ತು. ಬಾಯಿಯ ಒಂದು ಮೂಲೆಯಿಂದ ಜೊಲ್ಲು ಸುರಿಯುತ್ತಿತ್ತು. ನನ್ನ ಗುರುತು ಹಿಡಿದರು. ಎಡಗೈ ನನ್ನ ಕಡೆಗೆ ಚಾಚಿದರು, ಕಣ್ಣಲ್ಲಿ ನೀರು ಬಂತು.

ನಾನು ಕೈ ಕೊಡಲಿಲ್ಲ. ಸೀರೆಯನ್ನೂ ಬದಲಿಸಲಿಲ್ಲ.

"ಅತ್ತೆ, ನಾನು ಚೆನ್ನಾಗಿವ್ನಿ. ಹೇಳಿ ಹೋಗೋಣಾಂತ ಬಂದೆ" ಎಂದೆ.

ಅವರ ಗಂಟಲಿನಿಂದ ಏನೋ ಸದ್ದು ಹೊರಟಿತು. ಅದು ಮಾತಾಗುವ ತನಕ ನಿಲ್ಲದೆ ಮಧ್ಯಾಹ್ನದ ಬಸ್ಸಿಗೆ ಹೊರಟೆ. ದಾರಿಯಲ್ಲಿ ಪೆನುಕೊಂಡದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಇಡ್ಲಿ ತಿಂದೆ. ರುಚಿಯಾಗಿತ್ತು.

ಅವರು ಸತ್ತ ಸುದ್ದಿ ಬಂದಾಗ ಅಮ್ಮ ಅತ್ತಳು. ನಾನು ಗಿರಾಕಿಯೊಬ್ಬಳ ರವಿಕೆಗೆ ತೋಳು ಕೂಡಿಸುತ್ತಿದ್ದೆ. ಅವಳಿಗೆ ಸಂಜೆಯೇ ಬೇಕಿತ್ತು, ಮುಗಿಸಿ ಕೊಟ್ಟೆ.